ನಾಕ್ಸೊಸ್ ದ್ವೀಪದಲ್ಲಿ ನಾನು ನೋಡದೆ ಬಂದ ಮೂರ್ತಿ

ಅಫಜಲಪುರದ ಸರಕಾರಿ ಹೈಸ್ಕೂಲಿನಲ್ಲಿ ನಾನು ಚಿತ್ರಕಲಾ ಶಿಕ್ಷಕಿ. ತರಬೇತಿಯ ದಿನಗಳಲ್ಲಿ ಒಂದು ಹಳೆಯ ಪುಸ್ತಕದಲ್ಲಿ ಗ್ರೀಸಿನ ನಾಕ್ಸೊಸ್ ಎಂಬ ದ್ವೀಪದ ಫೋಟೊ ನೋಡಿದ್ದೆ. ಸಮುದ್ರದ ಮೇಲಿನ ಗುಡ್ಡದಲ್ಲಿ, ಹಳೆಯ ಕಲ್ಲಿನ ಗಣಿಯೊಳಗೆ, ಹತ್ತು ಮೀಟರಿಗೂ ಉದ್ದದ ಗಂಡಸಿನ ಮೂರ್ತಿ ಅಂಗಾತ ಮಲಗಿದೆ. ಗಡ್ಡದ ಆಕಾರ ಬಂದಿದೆ, ಕಣ್ಣು ಬಂದಿಲ್ಲ. ಕಡೆಯುತ್ತಿದ್ದವರು ಅರ್ಧಕ್ಕೇ ಬಿಟ್ಟು ಹೋದದ್ದು, ಎರಡೂವರೆ ಸಾವಿರ ವರ್ಷಗಳಿಂದ ಹಾಗೆಯೇ ಬಿದ್ದಿದೆ. ಅದರ ಪಕ್ಕ ಕೂತು ಒಮ್ಮೆಯಾದರೂ ಪೆನ್ಸಿಲ್ ಹಿಡಿಯಬೇಕೆಂಬ ಆಸೆ ನನ್ನನ್ನು ಬಿಟ್ಟಿರಲಿಲ್ಲ.

ಸೋಲಾಪುರದ ಒಂದು ಟ್ರಾವೆಲ್ಸ್‌ನವರ ಗ್ರೀಸ್ ಪ್ರವಾಸದ ಪಟ್ಟಿಯಲ್ಲಿ ಆ ಮೂರ್ತಿಯೂ ಇತ್ತು. ಒಬ್ಬಳೇ ಹೋಗಲು ಮನೆಯಲ್ಲಿ ಒಪ್ಪಲಿಲ್ಲ. ಹಿರೋಳ್ಳಿಯಲ್ಲಿರುವ ಅಣ್ಣ, "ನಿಮ್ಮ ವೈನಿನ ಕರಕೊಂಡು ಹೋಗು, ಆಕಿನೂ ಎಲ್ಲೀ ನೋಡಿಲ್ಲ" ಎಂದ. ವೈನಿ, ಅಂದರೆ ನನ್ನ ಅತ್ತಿಗೆ, ಅರವತ್ತು ದಾಟಿದವರು. ಹೊಲ, ಎಮ್ಮೆ, ಆಳಂದದ ಸಂತೆ ಬಿಟ್ಟು ಬೇರೆ ಲೋಕ ಕಂಡವರಲ್ಲ. ಆದರೆ ಗಡಿಯ ಊರಿನವರಾದ್ದರಿಂದ ಮರಾಠಿ ಸಲೀಸು. ಸೋಲಾಪುರದಲ್ಲಿ ಗುಂಪು ಸೇರಿದ ಮೊದಲ ದಿನವೇ ಎಲ್ಲರಿಗೂ ಬೇಕಾದವರಾದರು. ಉಳಿದವರೆಲ್ಲ ಅಂಗಡಿಕಾರರು, ವಕೀಲರು, ಅವರ ಹೆಂಡಂದಿರು.

ನಾಕ್ಸೊಸ್‌ಗೆ ಹಡಗಿನಿಂದ ಇಳಿದ ಸಂಜೆ ಬಂದರಿನ ಪಕ್ಕದ ದಿಬ್ಬಕ್ಕೆ ಕರೆದೊಯ್ದರು. ಅಲ್ಲಿ ಕಟ್ಟಿ ಮುಗಿಸದ ಗುಡಿಯೊಂದರ ಅಮೃತಶಿಲೆಯ ಬಾಗಿಲು ಮಾತ್ರ ಆಕಾಶಕ್ಕೆ ಎದ್ದು ನಿಂತಿದೆ. ವೈನಿ ಅದನ್ನು ಸುತ್ತು ಹಾಕಿ ಬಂದು, "ಬಾಗಿಲದ ಖರೇ, ಗುಡಿ ಎಲ್ಲದ ಬೇ?" ಎಂದು ಕೇಳಿದರು. ನಾನು ಚೌಕಟ್ಟಿನ ಎರಡು ಗೆರೆ ಎಳೆಯುವಷ್ಟರಲ್ಲಿ ಪ್ರವಾಸದ ಮ್ಯಾನೇಜರ್ ಸೀಟಿ ಊದಿದ. ಟ್ರಾವೆಲ್ಸ್ ಬ್ಯಾನರ್ ಹಿಡಿದು ಎಲ್ಲರೂ ಫೋಟೊಗೆ ನಿಲ್ಲಬೇಕಂತೆ. ಬಿಡಿಸಿದ ಬ್ಯಾನರ್ ಗಾಳಿಗೆ ಮುಖಕ್ಕೆ ಬಡಿಯುತ್ತಿತ್ತು. ಹಿಡಿಯುವುದು, ಬಿಡುವುದು, ಮತ್ತೆ ನಿಲ್ಲುವುದು, ಇಷ್ಟರಲ್ಲೇ ಸೂರ್ಯ ಮುಳುಗಿದ.

ಮರುದಿನ ಬಸ್ಸಿನಲ್ಲಿ ದ್ವೀಪ ಸುತ್ತುವುದಿತ್ತು. ಮೊದಲು ಬಯಲಿನ ಒಂದು ಬೆಳೆದೇವತೆಯ ಗುಡಿ, ಆಮೇಲೆ ಹಾಲ್ಕಿ ಎಂಬ ಹಳ್ಳಿ, ಕೊನೆಗೆ ಗುಡ್ಡದಾಚೆ ನನ್ನ ಮೂರ್ತಿ. ಎಂಟಕ್ಕೆ ಹೊರಡಬೇಕಾದ ಬಸ್ಸು ಹತ್ತಕ್ಕೆ ಹೊರಟಿತು. ಒಬ್ಬರಿಗೆ ಜೊತೆಗೆ ಬಂದ ಅಡುಗೆಯವನ ಉಪ್ಪಿಟ್ಟು ಸೇರಲಿಲ್ಲ, ಇನ್ನೊಬ್ಬರು ಚಾರ್ಜರ್ ಮರೆತು ಮೇಲೆ ಹೋದರು. ಗುಡಿಯ ಹತ್ತಿರ ಇಪ್ಪತ್ತೇ ನಿಮಿಷ. ವೈನಿ ಬಸ್ಸಿನಿಂದ ಇಳಿಯಲೇ ಇಲ್ಲ, ಸೀಟಿನ ಸರಳು ಹಿಡಿದು ಕೂತಿದ್ದರು. "ಬರ್ರಿ, ಇದು ಒಕ್ಕಲುತನದ ದೇವಿ" ಎಂದೆ. "ನೀ ನೋಡ್ಕೊಂಡು ಬಾ" ಎಂದರು. ಇಷ್ಟು ದೂರ ಬಂದು ಇಳಿಯುವುದಿಲ್ಲವಲ್ಲ ಎಂದು ನನಗೆ ಕಿರಿಕಿರಿಯಾಯಿತು.

ಹಾಲ್ಕಿಯಲ್ಲಿ ಅರ್ಧ ತಾಸು ಕೊಟ್ಟರು. ಕಲ್ಲುಹಾಸಿನ ಓಣಿ, ಆಲಿವ್ ತೋಟದ ನಡುವೆ ಪುಟ್ಟ ಹಳೆಯ ಚರ್ಚು. ನಾನು ಚರ್ಚಿನ ಗುಮ್ಮಟ ಬರೆದು ಹೊತ್ತಿಗೆ ಸರಿಯಾಗಿ ಬಸ್ಸಿಗೆ ಬಂದೆ. ಎಲ್ಲರೂ ಬಂದರು, ವೈನಿ ಬರಲಿಲ್ಲ. ಫೋನ್ ಹಚ್ಚಿದರೆ ಅವರ ಸೀಟಿನ ಮೇಲೆಯೇ ರಿಂಗಾಯಿತು. ಮ್ಯಾನೇಜರ್ ಒಂದು ಓಣಿ, ನಾನೊಂದು ಓಣಿ ಹುಡುಕಿದೆವು. ಒಂದು ತಾಸಿನ ಮೇಲಾಯಿತು. ನಾನು ಬೆವರಿ, ಹೆದರಿ, ವಾಪಸು ಬಸ್ಸಿನ ಹತ್ತಿರ ನಿಂತಾಗ, ಕಪ್ಪು ಬಟ್ಟೆಯ ಒಬ್ಬ ಮುದುಕಿಯ ಕೈ ಹಿಡಿದು ವೈನಿ ನಡೆದು ಬಂದರು. ಮುದುಕಿ ಅವರ ಗಲ್ಲ ಸವರಿ ಹೋದಳು.

"ಎಲ್ಲಿಗಿ ಹೋಗಿದ್ರಿ?"

"ಅಲ್ಲೊಂದು ಕಣ ಇತ್ತು ಬೇ. ನಮ್ಮ ರಾಶಿ ಮಾಡೋ ಕಣ ಇದ್ದಂಗ, ಗುಂಡಗ, ಕಲ್ಲ ಹಾಸಿದ್ದು. ನೋಡಕೋತ ನಿಂತೆ."

ಮ್ಯಾನೇಜರ್ ಗಡಿಯಾರ ನೋಡಿದ. ಗುಡ್ಡದ ದಾರಿ ಹೋಗಿಬರಲು ಎರಡು ತಾಸು ಬೇಕು, ಹಡಗು ತಪ್ಪುತ್ತದೆ, ಆದ್ದರಿಂದ ಮೂರ್ತಿ ರದ್ದು ಎಂದ. ಬಸ್ಸಿನಲ್ಲಿ ಯಾರಿಗೂ ಬೇಸರವಾದಂತೆ ಕಾಣಲಿಲ್ಲ. ಒಬ್ಬ ವಕೀಲರಂತೂ, "ಛಲೋ ಆತು ಬಿಡ್ರಿ, ಅರ್ಧಾ ಮಾಡಿ ಒಗದಿದ್ದು ಏನು ನೋಡೋದು" ಎಂದರು. ನಾನು ವೈನಿಯ ಕಡೆ ತಿರುಗಿ, "ಕಣ ನೋಡಲಿಕ್ಕಿ ಗ್ರೀಸಿಗಿ ಬರಬೇಕಿತ್ತೇನ್ರಿ? ಹಿರೋಳ್ಳ್ಯಾಗ ಇರಲಿಲ್ಲೇನು?" ಎಂದೆ. ಎಲ್ಲರಿಗೂ ಕೇಳಿಸಿತು. ಅವರು ಸೆರಗು ಸರಿಮಾಡಿಕೊಂಡು ಕಿಟಕಿಯಾಚೆ ನೋಡಿದರು. ಹಡಗಿನಲ್ಲಿ ನಾನು ಬೇರೆ ಬೆಂಚಿಗೆ ಹೋಗಿ ಕೂತೆ. ಅಥೆನ್ಸ್ ಮುಟ್ಟುವತನಕ ಅವರೊಂದಿಗೆ ಮಾತಾಡಲಿಲ್ಲ.

ಮರುದಿನ ಬೆಳಿಗ್ಗೆ ಹೋಟೆಲಿನಲ್ಲಿ ವೈನಿ ಚಹಾ ಬೇಡವೆಂದರು, ನೀರೂ ಬೇಡವೆಂದರು. ಹೊರಗೆ ಬಿಸಿಲು ಆಗಲೇ ಏರಿತ್ತು. "ನೀರರ ಕುಡೀರಿ, ಚಕ್ಕರ್ ಬಂದು ಬಿದ್ರ ಮತ್ತ ನನಗೇ ತ್ರಾಸ್" ಎಂದೆ. ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ.

"ನೀರ ಕುಡದ್ರ ನಿನ್ನಿ ಆದಂಗ ಆಗ್ತದ" ಎಂದರು ಅವರು. ಆಮೇಲೆ ತಲೆ ತಗ್ಗಿಸಿಕೊಂಡೇ ಹೇಳಿದರು. "ಆ ಗುಡಿ ಹತ್ರನ ತಡಕೊಂಡು ಕುಂತಿದ್ದೆ. ಎದ್ರ ಆಗಿಬಿಡ್ತದಂತ ಇಳೀಲಿಲ್ಲ. ಅಷ್ಟು ಗಂಡಸರ ಮುಂದ ಹ್ಯಾಂಗ ಹೇಳಬೇಕು? ಆ ಊರಾಗ ಒಂದು ಹೋಟಲಿಗಿ ಹೋದೆ, ಅಂವ ಏನೋ ಅಂದ, ತಿಳೀಲಿಲ್ಲ. ಓಣ್ಯಾಗ ಹೋಗೋದ್ರಾಗ ಸೀರಿ ಹಸಿಯಾತು. ಅಲ್ಲೇ ಗ್ವಾಡಿಗಿ ಆತು ಕುಂತುಬಿಟ್ಟೆ. ಆ ಮುದುಕಿ ನೋಡಿ ಒಳಗ ಕರಕೊಂಡು ಹೋದಳು. ತಂದೊಂದು ಕರಿ ಅಂಗಿ ಕೊಟ್ಟಳು. ಸೀರಿ ತಾನೇ ಹಿಂಡಿ ಗಾಳಿಗಿ ಹಾಕಿದಳು. ಒಣಗೋತನಕ ಕುಂತೆ."

"ನನಗರ ಹೇಳಬಾರದಿತ್ತೇನ್ರಿ?"

"ನೀ ಆ ಮಲಗಿದವನ ಧ್ಯಾನದಾಗೇ ಇದ್ದಿ" ಎಂದರು. ಅದರಲ್ಲಿ ಕೊಂಕು ಇರಲಿಲ್ಲ, ಇದ್ದದ್ದನ್ನು ಇದ್ದಂತೆ ಹೇಳಿದ್ದರು.

ನಾನು ನೇರ ಕೆಳಗೆ ಹೋಗಿ ಮ್ಯಾನೇಜರನನ್ನು ಹಿಡಿದೆ. ಹೆಸರು ಹೇಳದೆ, ಹೆಂಗಸರಿಗಾಗಿ ಬಸ್ಸು ದಾರಿಯಲ್ಲಿ ಯಾಕೆ ನಿಲ್ಲಿಸಲಿಲ್ಲ ಎಂದು ಕೇಳಿದೆ. ಅವನು ಬ್ರೆಡ್ಡಿಗೆ ಜಾಮ್ ಸವರುತ್ತ, "ಹೇಳಬೇಕಿತ್ತಲ್ಲ ಮೇಡಂ, ಯಾರೂ ಕೇಳಲಿಲ್ಲ" ಎಂದ. ಅವನ ಮೇಲೆ ಹರಿಹಾಯಬೇಕೆಂದು ಹೋದವಳು ಹಾಗೆಯೇ ಮೆಟ್ಟಿಲು ಹತ್ತಿ ವಾಪಸು ಬಂದೆ. ಮೂರು ದಿನ ಅವರ ಪಕ್ಕವೇ ಕೂತ ನಾನೂ ಕೇಳಿರಲಿಲ್ಲ.

ಮುಂದಿನ ಎರಡು ದಿನ ಪ್ರತಿ ಊರಿನಲ್ಲಿ ಇಳಿದ ಕೂಡಲೇ ನಾನು ಮೊದಲು ಹುಡುಕಿದ್ದು ಶೌಚಾಲಯದ ಬೋರ್ಡು. ಹೋಟೆಲಿನವನಿಗೆ ಒಂದು ಕಾಫಿ ಹೇಳಿ ವೈನಿಯನ್ನು ಒಳಗೆ ಕಳಿಸುತ್ತಿದ್ದೆ. ಅವರು ನೀರು ಕುಡಿಯತೊಡಗಿದರು. ಕ್ಷಮೆ ಕೇಳಬೇಕೆಂದು ಎರಡು ಸಲ ಮಾತು ತೆಗೆದೆ, ಎರಡು ಸಲವೂ ಅವರು, "ಹೋಗ್ಲಿ ಬಿಡು, ಆ ಅಂಗಡಿ ನೋಡು" ಎಂದು ಮಾತು ಹೊರಳಿಸಿದರು. ನನ್ನ ಸಿಟ್ಟು ಹೋಗಲಿಲ್ಲ. ಯಾರ ಮೇಲೆ ಹಾಕಬೇಕೆಂದು ಮಾತ್ರ ತಿಳಿಯದಾಯಿತು.

ಊರಿಗೆ ಬಂದ ವಾರಕ್ಕೆ ಟ್ರಾವೆಲ್ಸ್‌ನವರು ಮೊಬೈಲಿಗೆ ಒಂದು ಫಾರ್ಮ್ ಕಳಿಸಿದರು. ಊಟ ಹೇಗಿತ್ತು, ಸ್ಥಳಗಳು ಹೇಗಿದ್ದವು, ನಕ್ಷತ್ರ ಒತ್ತಿರಿ. ಎರಡು ತಾಸಿಗೊಮ್ಮೆ ಬಸ್ಸು ನಿಲ್ಲಿಸಿ, ಎಲ್ಲಿ ಹೋಗಬೇಕೆಂದು ಹೆಂಗಸರಿಗೆ ಬಾಯಿಬಿಟ್ಟು ಹೇಳಿ ಎಂದು ಬರೆಯಲು ಅದರಲ್ಲಿ ಜಾಗವಿರಲಿಲ್ಲ. ಗುಂಪಿನ ವಾಟ್ಸಾಪಿನಲ್ಲಿ ಬರೆದೆ. ಇಬ್ಬರು ಹೆಬ್ಬೆರಳು ಎತ್ತಿದರು. ವಕೀಲರು ಬ್ಯಾನರ್ ಹಿಡಿದ ಫೋಟೊ ಹಾಕಿದರು, ಅದಕ್ಕೆ ಬಂದ ಮೆಚ್ಚುಗೆಗಳ ಭರದಲ್ಲಿ ನನ್ನ ಮಾತು ಮೇಲೆ ಸರಿದು ಕಾಣದಾಯಿತು.