ನಾನಿಲ್ಲದೆ ಜರ್ಮನಿ ನೋಡಿದ ಕಾರು

ಮೊದಲ ಸಲ ಕೀ ತಿರುಗಿಸಿದಾಗಲೇ ಕಾರು ಸ್ಟಾರ್ಟ್ ಆಯಿತು. ನನ್ನ ಸಂಶಯ ಹುಟ್ಟಿದ್ದು ಅಲ್ಲಿ.

ಹಳೆಯ ಕಾರುಗಳ ನಮ್ಮ ಪುಟ್ಟ ಕ್ಲಬ್ಬು ಜರ್ಮನಿಯ ಉದ್ದಕ್ಕೂ, ಹ್ಯಾಂಬರ್ಗ್‌ನಿಂದ ಆಲ್ಪ್ಸ್ ಬುಡದವರೆಗೆ, ಒಂದು ಪ್ರವಾಸ ಹಾಕಿಕೊಂಡಿತ್ತು. ಕಾರುಗಳು ಮಲೇಷ್ಯಾದ ಕ್ಲಾಂಗ್ ಬಂದರಿನಿಂದ ಹಡಗು ಹತ್ತಿ ಮುಂಚೆಯೇ ಹೋದವು. ನಾವು ವಿಮಾನ ಹತ್ತುವ ಮೊದಲು ಕೊರೋನಾ ಬಂದು ಮಲೇಷ್ಯಾ ಬಾಗಿಲು ಹಾಕಿಕೊಂಡಿತು. ನಾವು ಪುಚೊಂಗ್‌ನ ಮನೆಗಳಲ್ಲಿ ಕೂತೆವು. ಕಾರುಗಳು ಹ್ಯಾಂಬರ್ಗ್ ಹೊರಗಿನ ಶೆಡ್ಡೊಂದರಲ್ಲಿ ನಿಂತವು.

ಏರ್ಪಾಡೆಲ್ಲ ಕ್ಲಾಂಗ್ ಬಂದರಿನಲ್ಲಿ ಕೆಲಸ ಮಾಡುವ ನನ್ನ ಮಂಗಳೂರಿನ ಗೆಳೆಯನದು. ನನ್ನ ಕಾರು ಜರ್ಮನಿಯಲ್ಲೇ ತಯಾರಾಗಿ, ನಾನು ಹುಟ್ಟುವ ಮೊದಲೇ ಮಲೇಷ್ಯಾಕ್ಕೆ ಬಂದದ್ದು. ಹೆಂಡತಿಗೂ ಅದರ ಸ್ಟಿಯರಿಂಗ್ ಮುಟ್ಟಲು ಬಿಟ್ಟವನಲ್ಲ ನಾನು. ಅದು ತನ್ನ ಊರಿನ ರಸ್ತೆಗೆ ಮತ್ತೆ ಇಳಿಯುವಾಗ ಒಳಗೆ ನಾನಿರಬೇಕು, ಅಲ್ಲಿಯವರೆಗೆ ಯಾರೂ ಓಡಿಸಬಾರದು ಎಂದು ಗೆಳೆಯನಿಂದ ಮಾತು ತೆಗೆದುಕೊಂಡೇ ಕೀ ಕೊಟ್ಟಿದ್ದೆ.

“ನನ್ನ ಮೇಲೆ ನಂಬಿಕೆ ಇಲ್ವಾ ಮಾರಾಯ?” ಎಂದಿದ್ದ.

ಇದೆ ಎಂದಿದ್ದೆ. ಹಾಗೆಂದು ನೆನಪು. ಸುಮ್ಮನಿದ್ದಿರಲೂಬಹುದು.

ಆಯುಧಪೂಜೆ ಬಂತು. ಪೂಜೆಯಿಲ್ಲದೆ ಕಾರು ವರ್ಷ ಕಳೆಯುವುದು ಹೆಂಡತಿಗೆ ಸರಿಬರಲಿಲ್ಲ. ಗೆಳೆಯ ವಿಡಿಯೋ ಕಾಲ್ ಜೋಡಿಸಿದ. ನಿಂಬೆ ಜಜ್ಜುವಷ್ಟು ಅಲುಗಾಟಕ್ಕೆ ನಾನೂ ಒಪ್ಪಿದೆ. ಶೆಡ್ಡಿನ ಯಜಮಾನ, ಎತ್ತರದ ಜರ್ಮನ್, ಚಕ್ರಗಳ ಮುಂದೆ ದಪ್ಪ ಸಿಪ್ಪೆಯ ನಿಂಬೆಹಣ್ಣುಗಳನ್ನು ಬಹಳ ಗಂಭೀರವಾಗಿ ಇಟ್ಟ.

“ಮುಂದಕ್ಕೆ ಹೋಗ್ಬೇಕು, ಹಿಂದಕ್ಕಲ್ಲ ಅಂತ ಹೇಳ್ರೀ ಅವ್ರಿಗೆ!” ಹೆಂಡತಿ ಕನ್ನಡದಲ್ಲೇ ಕೂಗಿದಳು.

“ಅಮ್ಮಾ, ಹಿ ಕಾಂಟ್ ಅಂಡರ್‌ಸ್ಟ್ಯಾಂಡ್ ಲಾ,” ಎಂದಳು ಮಗಳು.

ಅವನು ಕೀ ತಿರುಗಿಸಿದ. ಕಾರು ಗುರುಗುಟ್ಟಿತು. ನಿಂಬೆಗಳು ಜಜ್ಜಿಹೋದವು. ಮನೆಯಲ್ಲಿ ಚಪ್ಪಾಳೆ.

ನಾನು ತಟ್ಟಲಿಲ್ಲ. ಪುಚೊಂಗ್‌ನ ಸೆಕೆಯಲ್ಲೇ ಒಂದು ವಾರ ನಿಲ್ಲಿಸಿದರೆ, ಚೋಕ್ ಎಳೆದು ಬೇಡಿಕೊಂಡರೂ ಏಳದ ಕಾರು ಅದು. ಜೊತೆಗೆ, ಆ ಮನುಷ್ಯ ಗೇರ್‌ಗಾಗಿ ತಡಕಾಡಲಿಲ್ಲ. ಮೊದಲ ಗೇರ್ ಬೀಳಬೇಕಾದರೆ ಕೋಲನ್ನು ಸ್ವಲ್ಪ ಮೇಲೆತ್ತಿ ತಳ್ಳಬೇಕು. ಅವನ ಕೈಗೆ ಅದು ಗೊತ್ತಿತ್ತು. ಎಷ್ಟು ಓಡಿದೆಯೆಂದು ಮೀಟರ್ ನೋಡೋಣವೆಂದರೆ ಅದು ಕೆಟ್ಟು ಎಷ್ಟೋ ವರ್ಷವಾಗಿತ್ತು.

ಫೋನು ಹಿಡಿದವರು ಯಾರೆಂದು ಕಾಣಲಿಲ್ಲ. ಆ ಕಡೆಯಿಂದ ಒಂದು ಮಗುವಿನ ನಗು ಕೇಳಿತ್ತು ಎಂದು ನನಗೆ ಸ್ಪಷ್ಟವಾಗಿ ನೆನಪಿದೆ. ಹೆಂಡತಿ ರೆಕಾರ್ಡ್ ಮಾಡಿಟ್ಟದ್ದನ್ನು ಈಗ ಹಾಕಿ ನೋಡಿದರೆ ನಗುವೇ ಇಲ್ಲ. ಮುಂದೆ ಕಂಡದ್ದನ್ನು ತಂದು ಇಲ್ಲಿಗೆ ನಾನೇ ಅಂಟಿಸಿಕೊಂಡಿರಬೇಕು.

ಮರುದಿನ ಗೆಳೆಯನಿಗೆ ಫೋನ್ ಮಾಡಿ, ಕಾರನ್ನು ಯಾರಾದರೂ ಓಡಿಸುತ್ತಿದ್ದಾರಾ ಎಂದು ಕೇಳಿದೆ.

“ಎಂತ ಮಾರಾಯ, ಸ್ಟಾರ್ಟ್ ಆಗದಿದ್ರೂ ಬೈತಿ, ಆದ್ರೂ ಬೈತಿ!” ಎಂದು ನಕ್ಕ.

ಪ್ರವಾಸ ರದ್ದಾಯಿತು. ಮರುವರ್ಷ ಕಾರುಗಳು ವಾಪಸ್ ಬಂದವು. ಕ್ಲಾಂಗ್‌ನ ಗೋದಾಮಿನಲ್ಲಿ, ಮೂಗಿಗೆ ಎರಡೆರಡು ಮಾಸ್ಕ್ ಕಟ್ಟಿಕೊಂಡು, ನನ್ನ ಕಾರಿನಲ್ಲಿ ಕೂತೆ. ಕಾಲು ಕ್ಲಚ್‌ಗೆ ಎಟುಕಲಿಲ್ಲ. ಸೀಟು ಪೂರ್ತಿ ಹಿಂದಕ್ಕೆ ಹೋಗಿತ್ತು. ಮುಂದಕ್ಕೆ ಎಳೆಯಲು ಕೆಳಗೆ ಕೈ ಹಾಕಿದಾಗ ಮೆತ್ತಗೆ ಏನೋ ಸಿಕ್ಕಿತು: ಕೆಂಪು ಉಣ್ಣೆಯ ಕೈಗವಸು, ನನ್ನ ಎರಡು ಬೆರಳು ಹಿಡಿಸುವಷ್ಟು ಚಿಕ್ಕದು. ಮಲೇಷ್ಯಾದಲ್ಲಿ ಉಣ್ಣೆಯ ಕೈಗವಸು ಹಾಕುವ ಮಗು ಯಾವುದು?

“ಯಾರು ಓಡಿಸಿದ್ದು?” ಎಂದು ಬಾಗಿಲ ಬಳಿ ನಿಂತಿದ್ದ ಗೆಳೆಯನನ್ನು ಕೇಳಿದೆ.

ಗೆಳೆಯ ಈ ಸಲ ನಗಲಿಲ್ಲ. “ನಾನೇ ಹೇಳಿದ್ದು ಆ ಶೆಡ್ಡಿನವನಿಗೆ, ಆಗಾಗ ತೆಗಿ ಅಂತ. ನಿಲ್ಸಿಯೇ ಇಟ್ರೆ ಇಂಜಿನ್ ಸತ್ತೇ ಹೋಗ್ತಿತ್ತು, ಗೊತ್ತುಂಟಾ?”

“ನನ್ನನ್ನ ಕೇಳಬಹುದಿತ್ತು.”

“ಕೇಳಿದ್ರೆ ಬೇಡ ಅಂತಿದ್ದಿ.”

ಅನ್ನುತ್ತಿದ್ದೆ, ನಿಜ. “ಎಲ್ಲೆಲ್ಲಿ ಹೋಗಿತ್ತು?”

“ಶೆಡ್ಡಿನ ಸುತ್ತ ಅಷ್ಟೇ, ಆಣೆ.”

ಕೈಗವಸನ್ನು ಎತ್ತಿ ತೋರಿಸಿದೆ. ಅವನು ಅದನ್ನು ನೋಡಿದ, ನನ್ನನ್ನು ನೋಡಿದ. “ಹೋಗ್ಲಿ ಬಿಡು. ನಿನ್ನ ಕಾರಾದ್ರೂ ಜರ್ಮನಿ ನೋಡಿ ಬಂತಲ್ಲ.”

ಗಡಿಗಳು ತೆರೆದ ಮೇಲೆ ಕ್ಲಬ್ಬು ಮತ್ತೆ ಅದೇ ದಾರಿ ಹಿಡಿಯಲು ಹೊರಟಿತು. ಮಾಮಾಕ್ ಅಂಗಡಿಯಲ್ಲಿ, ಅಂದರೆ ಇಲ್ಲಿನ ತಮಿಳು ಮುಸ್ಲಿಮರ ಹೋಟೆಲಿನಲ್ಲಿ, ಚಹಾ ಕುಡಿಯುತ್ತ ಗೆಳೆಯ ನನ್ನ ಮುಂದೆ ಅಂಗೈ ಚಾಚಿದ: “ಕೀ ತಾ.”

“ಕಾರು ಬರುತ್ತೆ. ಕೀ ನನ್ನ ಜೇಬಲ್ಲೇ ಇರುತ್ತೆ.”

“ಕೀ ಇಲ್ದೆ ಹಡಗಿಗೆ ಹತ್ತಿಸ್ಲಿಕ್ಕೆ ಆಗುದಿಲ್ಲ ಮಾರಾಯ.”

“ಹಾಗಾದ್ರೆ ಬೇಡ.”

ಅವರು ಹೋದರು. ಕ್ಲಬ್ಬಿನ ವಾಟ್ಸಾಪ್ ಗ್ರೂಪಿನಲ್ಲಿ ದಿನಾ ಫೋಟೋ ಬರುತ್ತಿದ್ದವು: ಸೇತುವೆ, ದ್ರಾಕ್ಷಿ ತೋಟ, ಸಾಲುಗಟ್ಟಿ ನಿಂತ ಕಾರುಗಳು. ಒಂದೊಂದನ್ನೂ ಬೆರಳಲ್ಲಿ ಹಿಗ್ಗಿಸಿ ನೋಡುತ್ತಿದ್ದೆ. ನನ್ನ ಕಾರು ಕೆಳಗೆ ಪಾರ್ಕಿಂಗ್‌ನಲ್ಲೇ ಇತ್ತು. ಅದು ಈ ದಾರಿಯಲ್ಲಿ ಆಗಲೇ ಹೋಗಿ ಬಂದಿರಬಹುದೇ ಎಂದು ಆ ಫೋಟೋಗಳಲ್ಲಿ ಗುರುತು ಹುಡುಕುತ್ತಿದ್ದೆ.