ಕೇಳದೆ ಅಳಿಸಿದ್ದು

ಚಳ್ಳಕೆರೆಯ ಜಂಬುಲಿಂಗಪ್ಪನವರ ಮನೆಯಲ್ಲಿ ಅಟ್ಟ ಗುಡಿಸುವ ಅಧಿಕಾರ ಹಿರಿಸೊಸೆ ದಾಕ್ಷಾಯಿಣಿಯವರದು. ವರ್ಷಕ್ಕೊಮ್ಮೆ, ದೀಪಾವಳಿಗೆ ಮುಂಚೆ, ಸೆರಗು ಸಿಕ್ಕಿಸಿ ಏಣಿ ಹತ್ತಿದರೆಂದರೆ ಮುಗಿಯಿತು. ಮೈದುನನ ಮುರಿದ ಕ್ಯಾರಂ ಬೋರ್ಡು, ಓರಗಿತ್ತಿಯ ತೂತು ಬಿದ್ದ ಕೊಳಗ, ಮಾವನವರ ಎಣ್ಣೆ ಮಿಲ್ಲಿನ ಹಳೇ ತಕ್ಕಡಿ, ಎಲ್ಲಾ ಗುಜರಿಗೆ. ಯಾರನ್ನೂ ಕೇಳುವ ಮಾತಿಲ್ಲ. "ಕೇಳಿದ್ರೆ ಈ ಮನೇಲಿ ಒಂದು ಮೊಳೆ ಬಿಸಾಕಕ್ಕೂ ಬಿಡಲ್ಲ" ಎನ್ನುವುದು ಅವರ ವಾದ. ಇಪ್ಪತ್ತೆರಡು ವರ್ಷ ಈ ವಾದಕ್ಕೆ ಎದುರಾಡಿದವರಿಲ್ಲ. ಅವರ ಮಾನ ಹೋಗಿದ್ದೂ ಇದೇ ವಾದದಿಂದ.

ಮನೆಯಲ್ಲಿ ಹಿರಿಸೊಸೆಯಾದರೆ ಕಾಲೇಜಿನಲ್ಲಿ ಅವರು ಸಸ್ಯಶಾಸ್ತ್ರದ ಮೇಡಂ. ನಲವತ್ತೇಳನೇ ವಯಸ್ಸಿನಲ್ಲಿ ಕೆಲಸದ ಜೊತೆಗೇ ಪಿಎಚ್‌ಡಿಗೆ ಸೇರಿದರು. ಸೇರಿದ್ದು ಸರಿ, ಆದರೆ ಅಲ್ಲೊಂದು ಪೇಚು ಕಾದಿತ್ತು. ವಿಶ್ವವಿದ್ಯಾಲಯದಲ್ಲಿ ಒಂದು ದೊಡ್ಡ ಲಿನಕ್ಸ್ ಸರ್ವರ್ ಇದೆ. ಗೈಡ್ ಕೈಕೆಳಗಿನ ಆರೂ ಜನ ತಂತಮ್ಮ ಊರಿನಿಂದಲೇ ಅದರೊಳಕ್ಕೆ ಲಾಗಿನ್ ಆಗಿ ಕೆಲಸ ಮಾಡಬೇಕು. ಅಲ್ಲಿ ಮೌಸೂ ಇಲ್ಲ, ಚಿತ್ರವೂ ಇಲ್ಲ. ಕಪ್ಪು ಪರದೆ, ಬಿಳಿ ಅಕ್ಷರ, ಅಷ್ಟೇ. ಮೊದಲ ದಿನ ಪಾಸ್‌ವರ್ಡ್ ಹೊಡೆದರೆ ಪರದೆಯ ಮೇಲೆ ಒಂದು ಚುಕ್ಕೆಯೂ ಮೂಡಲಿಲ್ಲ. ಕೀಬೋರ್ಡು ಕೆಟ್ಟಿದೆ ಎಂದುಕೊಂಡ ಮೇಡಂ, ಯಾರನ್ನಾದರೂ ಕೇಳುವುದು ಬಿಟ್ಟು, ಪೇಟೆಗೆ ಹೋಗಿ ಹೊಸ ಕೀಬೋರ್ಡು ತಂದರು! ಅದರಲ್ಲೂ ಮೂಡಲಿಲ್ಲ.

ಕೊನೆಗೆ ದಾರಿ ತೋರಿಸಿದವಳು ಸ್ವಪ್ನ. ಉಳ್ಳಾರ್ತಿ ಕಾವಲು ಎಂಬ ಹುಲ್ಲುಗಾವಲಿನ ಪಕ್ಕದ ಗೊಲ್ಲರಹಟ್ಟಿಯ ಹುಡುಗಿ, ಡಿಗ್ರಿಯಲ್ಲಿ ಮೇಡಂ ಕೈಯಲ್ಲೇ ಓದಿದವಳು, ಈಗ ಅದೇ ಗೈಡ್ ಹತ್ತಿರ ಕಾವಲಿನ ಹುಲ್ಲಿನ ಮೇಲೆ ಸಂಶೋಧನೆ ಮಾಡುತ್ತಿದ್ದಾಳೆ. "ಕಾಣಲ್ಲ ಮೇಡಂ, ಆದ್ರೆ ಅಕ್ಷರ ಬೀಳ್ತಾವೆ. ಹೊಡ್ದು ಎಂಟರ್ ಒತ್ರಿ" ಎಂದಳು. ಒಂದೊಂದೇ ಆದೇಶ ಹೇಳಿಕೊಟ್ಟಳು. ಇದು ಹೊಡೆದರೆ ಈಗ ಒಳಗಿರುವವರ ಹೆಸರೆಲ್ಲ ಬರುತ್ತದೆ, ಇದು ಹೊಡೆದರೆ ಯಾವ ಫೈಲು ಯಾರದ್ದು ಎಂದು ತಿಳಿಯುತ್ತದೆ, ಇದು ಹೊಡೆದರೆ ಅಳಿಸಿಹೋಗುತ್ತದೆ. "ಇಲ್ಲಿ ಕಸದಬುಟ್ಟಿ ಇಲ್ಲ ಮೇಡಂ. ಹೋದ್ರೆ ಹೋಯ್ತು." ಮೇಡಂ ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

ಜುಲೈ ಕೊನೆಯ ಶನಿವಾರ ಸರ್ವರ್ ನೋಡಿಕೊಳ್ಳುವ ಶಶಿಕಾಂತ್ ಎಲ್ಲರಿಗೂ ಮೇಲ್ ಹಾಕಿದ: ಡಿಸ್ಕ್ ತುಂಬಿದೆ, ದಯವಿಟ್ಟು ಬೇಡದ್ದನ್ನು ಅಳಿಸಿ. ಮಧ್ಯಾಹ್ನ ಊಟ ಮುಗಿಸಿ ದಾಕ್ಷಾಯಿಣಿ ಫೋನಿನ ಹಾಟ್‌ಸ್ಪಾಟ್ ಹಚ್ಚಿ ಒಳಗೆ ಹೋದರು. ತಮ್ಮ ಫೈಲುಗಳು ಇದ್ದದ್ದೇ ನಾಲ್ಕು. ಆರೂ ಜನರಿಗೆ ಸೇರಿದ, ಬೀಗವಿಲ್ಲದ ಹಂಚಿಕೆಯ ಜಾಗಕ್ಕೆ ಇಣುಕಿದರೆ ಅಬ್ಬಬ್ಬಾ, ಏನು ರಾಶಿ! 'ಹಳೇದು' ಎಂಬ ಹೆಸರಿನ ಒಂದು ಫೋಲ್ಡರ್ ಅರ್ಧ ಜಾಗ ನುಂಗಿ ಕೂತಿತ್ತು. ಯಾರದ್ದು ಎಂದು ನೋಡುವ ಆದೇಶ ನೋಟ್‌ಬುಕ್ಕಿನಲ್ಲಿತ್ತು. ಅವರು ನೋಡಲಿಲ್ಲ. ಹಳೇದಂತೆ, ಇನ್ನೇನು ನೋಡುವುದು? ಕೇಳಿದರೆ ಯಾರು ಬಿಡುತ್ತಾರೆ? ಕೈ ಅಟ್ಟ ಗುಡಿಸಿದ ಕೈ. ಹೊಡೆದರು, ಎಂಟರ್ ಒತ್ತಿದರು. ಜಾಗ ಖಾಲಿಯಾಗಿದ್ದು ಕಂಡು ಅವರಿಗೆ ಹೆಮ್ಮೆಯೇ ಆಯಿತು. ಸೋಮವಾರ ಎಲ್ಲರಿಗೂ ಹೇಳಬೇಕು ಎಂದುಕೊಂಡು ಕಾಫಿ ಕಾಸಲು ಎದ್ದರು.

ಸೋಮವಾರ ಮೊದಲು ಬಂದದ್ದು ಸ್ವಪ್ನಳ ಮೇಲ್. ಮೊದಲ ಮಳೆ ಬಿದ್ದ ದಿನದಿಂದ ಎರಡು ತಿಂಗಳು, ಕಾವಲಿನ ಅರವತ್ತು ಚೌಕಗಳಲ್ಲಿ ಹುಲ್ಲು ಚಿಗುರಿದ್ದನ್ನು ದಿನವೂ ತೆಗೆದ ಫೋಟೋಗಳು ಕಾಣುತ್ತಿಲ್ಲ, ಯಾರಾದರೂ ಬೇರೆ ಕಡೆ ಇಟ್ಟಿದ್ದೀರಾ? ಲ್ಯಾಪ್‌ಟಾಪಿನಲ್ಲಿ ಜಾಗವಿಲ್ಲದೆ ಎಲ್ಲವನ್ನೂ ಸರ್ವರಿನಲ್ಲೇ, ಯಾವ ಕಾಲದಿಂದಲೋ ಇದ್ದ ಆ 'ಹಳೇದು' ಫೋಲ್ಡರಿನೊಳಗೇ ಇಟ್ಟಿದ್ದಳು. ಹಂಚಿಕೆಯ ಜಾಗಕ್ಕೆ ಬೇರೆ ಪ್ರತಿ ಇಲ್ಲ ಎಂದ ಶಶಿಕಾಂತ್. ಸಂಜೆ ಗೈಡ್ ಎಲ್ಲರಿಗೂ ಕಾಣುವಂತೆ ಬರೆದರು: ಸ್ವಪ್ನ ತಾನೇ ಅಳಿಸಿಕೊಂಡಿರಬೇಕು, ಇಂಥ ಬೇಜವಾಬ್ದಾರಿಯವರಿಗೆ ಮುಂದಿನ ವರ್ಷದ ಫೆಲೋಶಿಪ್‌ಗೆ ನಾನು ಸಹಿ ಹಾಕುವುದು ಅನುಮಾನ.

ದಾಕ್ಷಾಯಿಣಿ ಆ ಮೇಲನ್ನು ಮತ್ತೊಮ್ಮೆ ಓದಿದರು. ಆಗಲಾದರೂ ಬಾಯಿ ಬಿಡಬಾರದಿತ್ತೇ? ಬಿಟ್ಟರು, ಯಾವುದಕ್ಕೆ ಬಿಡಬಾರದಿತ್ತೋ ಅದಕ್ಕೆ. ಸ್ವಪ್ನಳಿಗೆ ಫೋನ್ ಮಾಡಿ, "ಛೇ, ಹೆಂಗಾಯ್ತಮ್ಮ ಹಿಂಗೆ?" ಎಂದರು.

"ಏನ್ ಹೇಳಲಿ ಮೇಡಂ" ಎಂದಳು.

ಅಂದಿನಿಂದ ಅವರಿಗೆ ಅನ್ನ ಸೇರಲಿಲ್ಲ. ಶಶಿಕಾಂತ್ ಬೇರೇನೋ ಕೇಳಲು ಫೋನ್ ಮಾಡಿದರೆ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವರಂತೆ, "ನಾನು ಶನಿವಾರ ಲಾಗಿನ್ನೇ ಆಗಿರಲಿಲ್ಲ" ಎಂದು ಅವನು ಕೇಳದಿದ್ದಕ್ಕೂ ಉತ್ತರ ಕೊಟ್ಟರು. ಕ್ಲಾಸಿನಲ್ಲಿ ಪಾಠ ಮಾಡುವಾಗ ಮೂರನೇ ಬೆಂಚಿನ ಕಡೆ ನೋಡಲು ಆಗುತ್ತಿರಲಿಲ್ಲ. ಅದು ಸ್ವಪ್ನ ಕೂರುತ್ತಿದ್ದ ಬೆಂಚು. ಸೆಕೆಂಡ್ ಇಯರಿನಲ್ಲಿ ಅವಳ ಕೈಯಿಂದ ಮೈಕ್ರೋಸ್ಕೋಪ್ ಬಿದ್ದು ಒಡೆದಿತ್ತು. "ತಪ್ಪು ಮಾಡಿದೋರು ಎದ್ದು ನಿಂತು ಹೇಳ್ರಿ, ನಾನು ಕಾಯ್ತೀನಿ" ಎಂದು ಮೇಡಂ ಕೈಕಟ್ಟಿ ನಿಂತಿದ್ದರು. ಆ ಪೀರಿಯಡ್ ಮುಗಿಯುವುದರೊಳಗೆ ಹುಡುಗಿ ಎದ್ದು ನಿಂತಿದ್ದಳು.

ಎರಡು ದಿನ ರಜೆ ಹಾಕಿ ರಾಂಪುರದ ತವರಿಗೆ ಹೋದರು. ಬಸ್ಸಿನಿಂದ ಇಳಿದ ಮಗಳ ಮುಖ ನೋಡಿದ್ದೇ ಅವ್ವ ಶಾರದಮ್ಮ, "ಏಮೈಂದೇ?" ಎಂದು ತೆಲುಗಿನಲ್ಲೇ, ಏನಾಯಿತೇ ಅಂತ, ಕೇಳಿದಳು. ಏನೂ ಇಲ್ಲ ಎಂದರು. ಅವ್ವನಿಗೂ ಸುಳ್ಳು! ಥೂ, ನನ್ನ ಜನ್ಮಕ್ಕಿಷ್ಟು ಎನಿಸಿತು.

ಹನ್ನೆರಡನೇ ದಿನ ಬೆಳಿಗ್ಗೆ ಆಟೋ ಮಾಡಿಕೊಂಡು ಹಟ್ಟಿಗೆ ಹೊರಟರು. ಸ್ವಪ್ನ ಮನೆಯಲ್ಲಿರಲಿಲ್ಲ. ಅವಳ ಅವ್ವ ಪಾತಮ್ಮ ಮೇಡಂ ಅವರನ್ನು ಕಂಡು ಕಂಬಳಿ ಹಾಸಿದಳು, ಮಜ್ಜಿಗೆ ಕೊಟ್ಟಳು. "ನಮ್ಮುಡ್ಗಿ ದಿನಾ ನಿಮ್ಮೆಸ್ರು ಹೇಳ್ತಾಳೆ ಕಣ್ರಿ. ನಿಮ್ಮಿಂದ್ಲೇ ಓದಿದ್ದು ಅಂತಾಳೆ." ದಾಕ್ಷಾಯಿಣಿ ಮಜ್ಜಿಗೆಯ ಲೋಟ ಕೆಳಗಿಟ್ಟರು. ಮಾತು ತಪ್ಪಿಸಲು, ಅಂಗಳದ ಮೂಲೆಯಲ್ಲಿ ಒಂಟಿಯಾಗಿ ಕಟ್ಟಿದ್ದ ಕುರಿ ತೋರಿಸಿ, ಅದ್ಯಾಕೆ ಬೇರೆ ಕಟ್ಟಿದ್ದೀರಿ ಎಂದರು.

"ಅದಾ? ಯಾರ್ದೋ ಕುರಿ, ನಮ್ಮಿಂಡಿಗೆ ಸೇರ್ಕಂಡು ಬಂದೈತೆ. ಕಿವಿ ಗುರ್ತು ನಮ್ದಲ್ಲ. ಒಡೆಯ ಬರಗಂಟ ಮೇವು ನೀರು ನೋಡ್ಕಬೇಕಲ್ಲ."

"ಯಾರ್ದು ಅಂತ್ಲೇ ಗೊತ್ತಿಲ್ವಲ್ಲ?"

"ನಮ್ದಲ್ಲ ಅಂತ ಗೊತ್ತಲ್ರಿ, ಅಷ್ಟು ಸಾಲ್ದಾ?" ಎಂದಳು ಪಾತಮ್ಮ, ಇದೂ ಒಂದು ಪ್ರಶ್ನೆಯೇ ಎಂಬಂತೆ. ಆಮೇಲೆ ದನಿ ತಗ್ಗಿಸಿ, "ಅವಳ ಫೋಟೋನೆಲ್ಲಾ ಯಾರೋ ಅಳಿಸವ್ರಂತೆ. ಯಾರೇ ಅಂದ್ರೆ, ಗೊತ್ತವ್ವ, ಅವ್ರೇ ಬಂದು ಹೇಳ್ತಾರೆ ಬಿಡು ಅಂತಾಳೆ. ಹೆಸ್ರು ಮಾತ್ರ ಬಾಯಿ ಬಿಡಲ್ಲ" ಎಂದಳು.

ಭೂಮಿ ಬಾಯಿ ಬಿಟ್ಟು ನುಂಗಬಾರದೇ ಎನಿಸಿತು ದಾಕ್ಷಾಯಿಣಿಗೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಿತ್ತು. ನೋಡಬೇಕಾದವಳು ಮೊದಲ ದಿನದಿಂದಲೇ ನೋಡಿದ್ದಳು.

ಬಿಸಿಲೇರುವ ಹೊತ್ತಿಗೆ ಸ್ವಪ್ನ ಕಾವಲಿನಿಂದ ಬಂದಳು. ಹೆಗಲ ಮೇಲೆ ಹುಲ್ಲು ಅಳೆಯುವ ಮರದ ಚೌಕ. ದಾಕ್ಷಾಯಿಣಿ ಎದ್ದು ನಿಂತರು.

"ಸ್ವಪ್ನಾ, ಅಳ್ಸಿದ್ದು ನಾನು."

"ಗೊತ್ತು ಮೇಡಂ. ಶನಿವಾರ ಮಧ್ಯಾಹ್ನ ನಾನೂ ಒಳಗಿದ್ದೆ. ಯಾರ್ಯಾರು ಇದಾರೆ ಅಂತ ನೋಡಿದ್ರೆ ನಮ್ಮಿಬ್ರದ್ದೇ ಹೆಸರಿತ್ತು. ಫೋಲ್ಡರ್ ಹೋಗಿದ್ದೂ ಆ ಹೊತ್ನಲ್ಲೇ."

"ನಾನು ಫೋನ್ ಮಾಡಿ ಕೇಳಿದಾಗ್ಲೂ..."

"ಆಗ್ಲೂ ಗೊತ್ತಿತ್ತು."

"ಮತ್ಯಾಕೆ ಗೈಡ್‌ಗೆ ಹೇಳ್ಲಿಲ್ಲ? ಬೈಸ್ಕೊಂಡು ಯಾಕೆ ಸುಮ್ನಿದ್ದೆ?"

ಸ್ವಪ್ನ ಚೌಕವನ್ನು ಗೋಡೆಗೆ ಒರಗಿಸಿದಳು. "ಮೈಕ್ರೋಸ್ಕೋಪ್ ಒಡ್ದಿದ್ದು ನಾನು ಅಂತ ಅವತ್ತು ನಿಮಗೂ ಗೊತ್ತಿತ್ತಲ್ಲ ಮೇಡಂ. ನೀವು ನನ್ನ ಹೆಸರು ಹಿಡಿದು ಕರೀಲಿಲ್ಲ. ನಾನೇ ಎದ್ದು ನಿಲ್ಲಲಿ ಅಂತ ಕಾದ್ರಿ."

ದಾಕ್ಷಾಯಿಣಿ ಅಳುತ್ತಾ ನಿಂತರು. ಆ ಹುಡುಗಿಗೆ ಒಂದು ಪೀರಿಯಡ್ ಸಾಕಾಗಿತ್ತು. ಇವರಿಗೆ ಹನ್ನೆರಡು ದಿನ ಬೇಕಾಯಿತು.

"ಫೋಟೋ ಮತ್ತೆ ತೆಗೆಯಕ್ಕಾಗುತ್ತಾ?"

"ಮೊದಲ ಮಳೆ ಚಿಗುರು ಈ ವರ್ಷಕ್ಕೆ ಮುಗೀತು ಮೇಡಂ. ಈಗಿರೋದನ್ನ ಅಳೀತಿದೀನಿ." ಅವಳ ದನಿಯಲ್ಲಿ ಸಿಟ್ಟಿತ್ತು. ಅದನ್ನು ಮುಚ್ಚಿಡಲು ಅವಳು ಹೋಗಲಿಲ್ಲ.

ಹಟ್ಟಿಯಲ್ಲಿ ಸಿಗ್ನಲ್ ಸಿಗುವುದು ನೀರಿನ ಟ್ಯಾಂಕಿನ ಹತ್ತಿರ ಮಾತ್ರ. ಅಲ್ಲಿ ಬಿಸಿಲಲ್ಲಿ ನಿಂತು ದಾಕ್ಷಾಯಿಣಿ ಫೋನಿನಲ್ಲೇ ಎಲ್ಲರಿಗೂ ಮೇಲ್ ಬರೆದರು. 'ಕಣ್ತಪ್ಪಿನಿಂದ ಅಳಿಸಿಹೋಗಿದೆ' ಎಂದು ಶುರುಮಾಡಿ, ಅದನ್ನು ಎರಡು ಸಲ ಓದಿದರು. ಕಣ್ಣು ಎಲ್ಲಿ ತಪ್ಪಿತ್ತು? ನೆಟ್ಟಗೇ ನೋಡುತ್ತಿತ್ತು. ಅಳಿಸಿ ಮತ್ತೆ ಬರೆದರು: ಸ್ವಪ್ನಳ ಫೋಟೋಗಳನ್ನು ಅಳಿಸಿದವಳು ನಾನು. ಕೇಳದೆ ಅಳಿಸಿದೆ. ಹನ್ನೆರಡು ದಿನ ಸುಮ್ಮನಿದ್ದು ಅವಳು ಬೈಸಿಕೊಳ್ಳುವುದನ್ನು ನೋಡಿದೆ. ಅವಳ ಫೆಲೋಶಿಪ್ ನಿಲ್ಲಿಸಬೇಡಿ. ಗೈಡ್, ಶಶಿಕಾಂತ್, ಉಳಿದವರು, ಎಲ್ಲರ ಹೆಸರೂ ಸೇರಿಸಿ ಕಳಿಸಿದರು. ಓದಿ ನಗುವವರ ಮುಖ ಒಂದೊಂದೇ ಕಣ್ಣೆದುರು ಬಂದವು.

"ನಾಳೆ ಆರೂವರೆಗೆ ಬರ್ರಿ ಮೇಡಂ" ಎಂದಳು ಸ್ವಪ್ನ. "ಚೌಕದ ಇನ್ನೊಂದು ತುದಿ ಹಿಡಿಯೋಕೆ ಒಬ್ರು ಬೇಕು."

ಮರುದಿನ ಆರೂವರೆಗೆ ದಾಕ್ಷಾಯಿಣಿ ಕಾವಲಿನಲ್ಲಿದ್ದರು. ಗೈಡ್‌ನಿಂದ ಉತ್ತರ ಇನ್ನೂ ಬಂದಿರಲಿಲ್ಲ. ಇಬ್ಬರೂ ಸೇರಿ ಚೌಕವನ್ನು ಹುಲ್ಲಿನ ಮೇಲೆ ಇಟ್ಟರು. ಒಳಗೊಂದು ಒಣಗಿದ ಕಡ್ಡಿ ಬಿದ್ದಿತ್ತು, ಯಾವುದಕ್ಕೂ ಬಾರದ್ದು. ಅಭ್ಯಾಸಬಲದಿಂದ ಮೇಡಂ ಕೈ ಮುಂದೆ ಹೋಯಿತು. ಹೋದದ್ದು ಅರ್ಧದಲ್ಲೇ ನಿಂತಿತು.

"ಇದನ್ನ ತೆಗೀಲಾಮ್ಮ?"

"ಬ್ಯಾಡ ಮೇಡಂ. ಅಲ್ಲೇ ಇರ್ಲಿ."

ದಾಕ್ಷಾಯಿಣಿ ಕೈ ಹಿಂದಕ್ಕೆ ತೆಗೆದುಕೊಂಡರು.