ಹಣೆಗೆ ವಿಭೂತಿಯಿಲ್ಲದ ಫೋಟೊ

ಆ ಬೆಳಗ್ಗೆ ಮಕ್ಕಳಿಗೆ ಉಗ್ಗಾಣಿ ಡಬ್ಬಿ ಕಟ್ಟಿ ಕಳಿಸಿ, ನಲ್ಲಿ ನಿಲ್ಲುವ ಮೊದಲೇ ಡ್ರಮ್ಮು ತುಂಬಿಸಿಕೊಂಡು, ಕೊತ್ತಂಬರಿ ಸೋಸುತ್ತ ಕೂತಿದ್ದೆ. ಬಂಧುಗಳ ವಾಟ್ಸಾಪ್ ಗುಂಪಿಗೆ ಒಂದು ಸುದ್ದಿಚಿತ್ರ ಬಂತು. ಯಾವುದೋ ದೇಶದ ಯುದ್ಧದ ನಡುವಿನ ಆಸ್ಪತ್ರೆ. ನೆಲದ ಮೇಲೆ ಬಾಯಿ ತೆರೆದು ಅಳುತ್ತಿರುವ ಮಗು. ಪಕ್ಕದಲ್ಲಿ ಸಲೈನ್ ಬಾಟಲಿ ಎತ್ತಿ ಹಿಡಿದು ನಿಂತ ನರ್ಸ್. ನನ್ನ ತಂಗಿ.

ಅವಳು ಅಲ್ಲಿಗೆ ಹೋಗಿರುವುದು ನನಗೊಬ್ಬಳಿಗೇ ಗೊತ್ತಿತ್ತು. ಕಲ್ಯಾಣದುರ್ಗದ ಅಮ್ಮನ ಪಾಲಿಗೆ ಅವಳು ಅದರ ಪಕ್ಕದ ದೇಶದ, ಯುದ್ಧವಿಲ್ಲದ ಊರಿನ ಆಸ್ಪತ್ರೆಯಲ್ಲಿದ್ದಳು. ಹೋದ ಸಲ ಟಿವಿಯಲ್ಲಿ ಬಾಂಬು ನೋಡಿಯೇ ಅಮ್ಮ ಅನ್ನ ಬಿಟ್ಟು ಆಸ್ಪತ್ರೆ ಸೇರಿದ್ದಳು. ಅಮ್ಮನಿಗೆ ತಿಳಿಸಬಾರದೆಂದು ತಂಗಿ ನನ್ನಿಂದ ಮಾತು ತೆಗೆದುಕೊಂಡಿದ್ದಳು. ಗಂಡನಿಗೂ ಹೇಳಿರಲಿಲ್ಲ, ಹೇಳಿದರೆ ಸಂಜೆಯೊಳಗೆ ಕಲ್ಯಾಣದುರ್ಗ ಮುಟ್ಟುತ್ತದೆ.

“ಯುದ್ಧದಾಗೆ ಏಪ್ರನ್ ಇಷ್ಟು ಬೆಳ್ಳಗಿರ್ತದಾ?” ಎಂದು ಚಿಕ್ಕಪ್ಪ ಗುಂಪಿನಲ್ಲಿ ಬರೆದರು. ಗೋರಂಟ್ಲದ ಅತ್ತೆಯ ಧ್ವನಿ ಸಂದೇಶ ಬಂತು: “ಬಾಟ್ಲಿ ನೇತಾಕಕ್ಕೆ ಒಂದು ಮೊಳೇನೂ ಇಲ್ವೇನಪ್ಪ ಅಲ್ಲಿ? ನಮ್ಮುಡುಗೀನ ಫೋಟೊಕ್ಕೆ ಅಂತ ನಿಲ್ಸವ್ರೆ.” ಕಾಫಿ ಕುಡಿಯುತ್ತಿದ್ದ ನನ್ನ ಗಂಡ, “ಬರೀ ಡ್ರಾಮಾ ಕಣೇ,” ಎಂದು ನಕ್ಕರು.

ಅಡುಗೆಮನೆಗೆ ಹೋಗಿ ತಂಗಿಗೆ ಮೆಸೇಜು ಹಾಕಿದೆ. ತಡವಾಗಿ ಪಿಸುದನಿಯ ಉತ್ತರ ಬಂತು: “ಫೋಟೊದವ್ನು ಮುಖ ಸ್ವಲ್ಪ ಕಿಟಕಿ ಕಡೆ ತಿರುಗ್ಸಿ ಅಂದ ಕಣಕ್ಕ, ತಿರುಗ್ಸಿದೆ. ಅಷ್ಟೇ. ಮಗೂನೂ ದಿಟ, ಗಾಯಾನೂ ದಿಟ. ಏಪ್ರನ್ ಆಗತಾನೇ ಬದ್ಲಾಯ್ಸಿದ್ದೆ, ಹಳೇದು ನೋಡೋ ಹಂಗಿರ್ಲಿಲ್ಲ. ಅಮ್ಮಂಗೆ ಮಾತ್ರ ಹೇಳ್ಬ್ಯಾಡ.”

ಮಧ್ಯಾಹ್ನ ಅಮ್ಮನ ಫೋನು ಬಂತು.

“ಫೋಟೊ ನೋಡ್ದ್ಯಾ? ನಮ್ಮವ್ಳೇ. ಆದ್ರೆ ಹಣೆ ನೋಡು, ಇಭೂತಿ ಇಲ್ಲ! ಲಿಂಗ ಕಟ್ಟಿಸ್ಕೊಂಡಾಗಿಂದ ಅವ್ಳು ಇಭೂತಿ ಇಲ್ದೆ ಹೊಸ್ಲು ದಾಟವ್ಳಾ? ಯಾರೋ ಅಳಿಸ್ಬುಟ್ಟು ವೇಷ ಹಾಕವ್ರೆ ಕಣಮ್ಮ. ಹೌದೋ ಅಲ್ವೋ ಹೇಳು. ನೀನು ಸುಳ್ಳಾಡಲ್ಲ.”

ಅಲ್ಲಿಯ ಬೆವರಿನಲ್ಲಿ ಹಣೆಯ ವಿಭೂತಿ ನಿಲ್ಲುವುದಿಲ್ಲವೆಂದು ತಂಗಿ ಅದನ್ನು ತೋಳಿಗೆ, ಅಂಗಿಯ ಒಳಗೆ ಹಚ್ಚಿಕೊಳ್ಳುತ್ತಾಳೆ. ಅಷ್ಟು ಹೇಳಿದ್ದರೆ ಸಾಕಿತ್ತು, ಫೋಟೊ ದಿಟವೆಂದು ಅಮ್ಮನಿಗೆ ತಿಳಿದುಬಿಡುತ್ತಿತ್ತು. ಅಮ್ಮನ ಅನ್ನದ ತಟ್ಟೆ ಮತ್ತೆ ಹಾಗೇ ಉಳಿಯುತ್ತಿತ್ತು. ವೇಷವಲ್ಲ ಎನ್ನದಿದ್ದರೆ ತಂಗಿ ವೇಷ ಹಾಕಿದವಳಾಗುತ್ತಾಳೆ, ಅದೂ ನನ್ನ ಬಾಯಿಂದ. ಸೀರೆಯ ಸೆರಗಿನ ದಾರವೊಂದನ್ನು ಎಳೆಯುತ್ತ ನಿಂತೆ. ಎಳೆದಷ್ಟೂ ಬರುತ್ತಿತ್ತು.

“ನೀನು ಮೊದ್ಲು ಊಟ ಮಾಡಮ್ಮ.”

“ಅಂದ್ರೆ ನಾಟಕಾನೇ ತಾನೇ?”

“ಹೂಂ.”

ಅಮ್ಮ ನಿರಾಳವಾಗಿ ನಕ್ಕಳು. ಆಮೇಲೆ ಗುಂಪಿನಲ್ಲಿ ಅವಳದೇ ದನಿ ಕೇಳಿಸಿತು: “ದೊಡ್ಡವ್ಳನ್ನ ಕೇಳ್ದೆ, ಅದು ಬರೀ ನಾಟಕವಂತೆ. ಯಾರೂ ಗಾಬ್ರಿ ಆಗ್ಬ್ಯಾಡ್ರಿ.” ಕೆಳಗೆ ಸಾಲಾಗಿ ಕೈಮುಗಿದ ಚಿತ್ರಗಳು.

ಸಂಜೆ ಮಹಡಿಯ ಮೇಲೆ ಬಟ್ಟೆ ತೆಗೆಯುವಾಗ ಪಕ್ಕದ ಮನೆಯಾಕೆ ಗೋಡೆಗೆ ಒರಗಿದಳು. ಅಮ್ಮನ ಕಡೆಯ ನೆಂಟಳು, ಅದೇ ಗುಂಪಿನಲ್ಲಿದ್ದಾಳೆ.

“ನಿನ್ ತಂಗಿ ಏನ್ ಚಂದಾಗಿ ಮಾಡವ್ಳೆ ಕಣಮ್ಮ! ಆ ಮಗೀಗೂ ಅಳೋದು ಎಷ್ಟು ಚೆನ್ನಾಗಿ ಕಲ್ಸವ್ರೆ, ನೋಡು. ಬತ್ತೀನಿ, ಒಲೆ ಮೇಲೆ ಹಾಲೈತೆ.”